ಈಜಿಪ್ಟಿಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಜನ ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ವಾಟ್ಸಾಪಿನಲ್ಲಿ ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಇದ್ದ ಹಾಗೇ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆರೆಯುವಂಥವು ಕೊನೆಗೆ. ಪೂರ್ತಿ ಓದಬೇಕಂತೇನಿಲ್ಲ, ಬೇಕಾದ್ದನ್ನು ಹೆಕ್ಕಿಕೊಳ್ಳಿ.

## ಹೊರಡುವ ಮೊದಲು

ನಮ್ಮ ಕಡೆ ಹಳೇ ಗುಮ್ಮಟ, ಗುಡಿ ಇಷ್ಟೆಲ್ಲಾ ಅದಾವು. ರೊಕ್ಕ ಸುರದು ಈಜಿಪ್ಟಿಗೆ ಯಾಕ ಹೋಗ್ಬೇಕ್ರೀ?

ನ್ಯಾಯವಾದ ಪ್ರಶ್ನೆ. ಐಹೊಳೆ, ಪಟ್ಟದಕಲ್ಲು ನೋಡದೆ ಪಿರಮಿಡ್ಡಿಗೆ ಹೊರಟವರಿಗೆ ನಾನು ಮೊದಲು ಒಂದು ಭಾನುವಾರ ಅಲ್ಲಿಗೆ ಹೋಗಿ ಬನ್ನಿ ಅಂತಲೇ ಹೇಳುತ್ತೇನೆ. ಆಮೇಲೆ ವಯಸ್ಸಿನ ಲೆಕ್ಕ ಹಾಕಿ. ಗೋಳಗುಮ್ಮಟ ಮುಗಿದದ್ದು 1656ರಲ್ಲಿ. ಬಾದಾಮಿಯ ಮೂರನೇ ಗುಹೆಯ ಶಾಸನ ಕ್ರಿ.ಶ. 578ರದು. ಆ ಗುಹೆಯ ಕಲ್ಲುಕುಟಿಗ ಉಳಿ ಹಿಡಿಯುವ ಹೊತ್ತಿಗೆ ಗಿಜಾದ ದೊಡ್ಡ ಪಿರಮಿಡ್ಡಿಗೆ ಮೂರು ಸಾವಿರ ವರ್ಷ ದಾಟಿತ್ತು. ಅಷ್ಟು ಹಳೆಯದನ್ನು ಕಣ್ಣಾರೆ ನೋಡುವ ಆಸೆ ತಪ್ಪೇನಲ್ಲ ಅಲ್ವಾ?

ನನಗೆ ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಹಳೇ ಕಲ್ಲಿನ ಪಕ್ಕದಲ್ಲಿ ಸಂಸಾರ ಮಾಡೋದು ಹೇಗಂತ ನಮಗೆ ಗೊತ್ತು. ಐಹೊಳೆಯ ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದೇ ಅದರೊಳಗೆ ವಾಸ ಮಾಡಿದವನಿಂದ. ಬಿಜಾಪುರದಲ್ಲಿ ಕಮಾನಿನ ಕೆಳಗೇ ಸಂತೆಗೆ ಹೋಗುತ್ತೇವೆ. ಬೇರೆ ದೇಶದ ಪ್ರವಾಸಿಗರು ಕೈರೋದಲ್ಲಿ ಹಳೇ ಗೋಡೆಗೆ ಒಗೆದ ಬಟ್ಟೆ ಹರವಿದ್ದನ್ನು ಕಂಡು ಬೆರಗಾಗಿ ಫೋಟೋ ತೆಗೆಯುತ್ತಾರೆ. ನಮಗೆ ಅದು ವಿಚಿತ್ರ ಅನಿಸೋದಿಲ್ಲ. ಹಾಗಾಗಿ ನಾವು ಅದರಾಚೆಗೆ ನೋಡಬಹುದು: ಆ ಜನ ಹೇಗೆ ನಿಭಾಯಿಸುತ್ತಿದ್ದಾರೆ, ಏನು ಕಳೆದುಕೊಂಡರು, ಯಾವುದನ್ನು ಬಿಟ್ಟುಕೊಡಲಿಲ್ಲ. ಕೆಳಗಿನ ಉತ್ತರಗಳಲ್ಲಿ ಇದೇ ಮಾತು ಅಲ್ಲಲ್ಲಿ ಇಣುಕುತ್ತದೆ.

ಪಾಸ್‌ಪೋರ್ಟ್, ವೀಸಾ ಮಾಡ್ಸೋದು ಭಾಳ ತ್ರಾಸ ಏನ್ರೀ?

ಪಾಸ್‌ಪೋರ್ಟ್ ಈಗ ತ್ರಾಸಿಲ್ಲ. ಹುಬ್ಬಳ್ಳಿಗೆ ಇಲ್ಲವೇ ಬೆಳಗಾವಿಗೆ ಒಂದು ದಿನ ಹೋಗಿ ಬಂದರೆ ಆಯಿತು. 36 ಪುಟದ್ದಕ್ಕೆ 1500 ರೂಪಾಯಿ ಶುಲ್ಕ. ಪ್ರಯಾಣದ ದಿನದಿಂದ ಕನಿಷ್ಠ ಆರು ತಿಂಗಳು ಅವಧಿ ಉಳಿದಿರಬೇಕು. ಇದನ್ನು ಮರೆತು ಏರ್‌ಪೋರ್ಟಿನಿಂದ ವಾಪಸ್ ಬಂದವರಿದ್ದಾರೆ.

ವೀಸಾ ನಿಯಮ ಆಗಾಗ ಬದಲಾಗುತ್ತದೆ. ಹೊರಡುವ ಎರಡು ತಿಂಗಳ ಮುಂಚೆ ದೆಹಲಿಯ ಈಜಿಪ್ಟ್ ರಾಯಭಾರ ಕಚೇರಿ ಅಥವಾ ಮುಂಬೈ ಕಾನ್ಸುಲೇಟ್ ಏನು ಹೇಳುತ್ತದೆ ಅಂತ ನೋಡಿಕೊಳ್ಳಿ. ಏಜೆಂಟರ ಮಾತಿಗಿಂತ ಅದು ಮೇಲು.

ಮುಂಬೈಯಿಂದ ಕೈರೋಗೆ ನೇರ ವಿಮಾನವಿದೆ, ಸುಮಾರು ಆರು ತಾಸು. ಬೆಳಗಾವಿಯವರು ಮುಂಬೈಗೆ ಹಾರಬಹುದು. ವಿಜಯಪುರದವರಿಗೆ ಸೊಲ್ಲಾಪುರ ಮಾರ್ಗದ ರೈಲು ಇಲ್ಲವೇ ರಾತ್ರಿ ಬಸ್ಸು. ಒಂದು ಕಿವಿಮಾತು: ವಿಮಾನದ ದಿನವೇ ಬೆಳಿಗ್ಗೆ ಮುಂಬೈ ಮುಟ್ಟುವ ಸಾಹಸ ಬೇಡ. ಒಂದು ದಿನ ಮೊದಲೇ ಹೋಗಿ ಯಾರಾದರೂ ನೆಂಟರ ಮನೆಯಲ್ಲಿ ಉಳಿಯಿರಿ. ನಮ್ಮ ಕಡೆಯವರಿಗೆ ಮುಂಬೈನಲ್ಲಿ ನೆಂಟರಿಗೇನು ಕೊರತೆ?

ಯಾವ ತಿಂಗಳದಾಗ ಹೋದ್ರ ಚಲೋ?

ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ. ಬೇಸಿಗೆಯಲ್ಲಿ ದಕ್ಷಿಣದ ಲಕ್ಸರ್, ಅಸ್ವಾನ್‌ಗಳಲ್ಲಿ 40 ಡಿಗ್ರಿ ದಾಟುತ್ತದೆ. "ನಾವು ಬಿಜಾಪುರದ ಮಂದಿ, ಬಿಸಿಲು ನಮಗ ಹೊಸದಾ?" ಅನ್ನುವವರಿಗೆ: ಇಲ್ಲಿ ನಾವು ಮೇ ತಿಂಗಳ ಮಧ್ಯಾಹ್ನ ಬಯಲಲ್ಲಿ ಅಲೆಯೋದಿಲ್ಲ, ಮನೆಯಲ್ಲಿ ಫ್ಯಾನ್ ಕೆಳಗೆ ಮಲಗುತ್ತೇವೆ. ಅಲ್ಲಿ ನೆರಳಿಲ್ಲದ ಕಣಿವೆಯಲ್ಲಿ ನಡೆಯಬೇಕು.

ಚಳಿಗಾಲದ ರಾತ್ರಿ ಕೈರೋದಲ್ಲಿ ಸ್ವೆಟರ್ ಬೇಕು. ರಂಜಾನ್ ಯಾವಾಗ ಅಂತಲೂ ನೋಡಿಕೊಳ್ಳಿ. 2027ರಲ್ಲಿ ಅದು ಫೆಬ್ರವರಿ ಎರಡನೇ ವಾರದ ಹೊತ್ತಿಗೆ ಶುರುವಾಗುತ್ತದೆ. ಆಗ ಸ್ಮಾರಕಗಳು ಬೇಗ ಮುಚ್ಚುತ್ತವೆ, ಹಗಲು ಹೋಟೆಲು ಕಡಿಮೆ. ಆದರೆ ಸಂಜೆ ಉಪವಾಸ ಬಿಡುವ ಹೊತ್ತಿಗೆ ಬೀದಿಯಲ್ಲೇ ಉದ್ದುದ್ದ ಮೇಜು ಹಾಕಿ ದಾರಿಹೋಕರಿಗೆಲ್ಲ ಊಟ ಬಡಿಸುತ್ತಾರೆ. ಅದನ್ನು ನೋಡಬೇಕೆನಿಸಿದರೆ ಬೇಕಂತಲೇ ಆ ತಿಂಗಳು ಹೋಗಿ.

ಮಗನ ದೀಪಾವಳಿ ಸೂಟಿ ಒಂದೇ ವಾರ. ಅಷ್ಟರಾಗ ಎಲ್ಲಾ ಆಗ್ತದಾ?

ಎಲ್ಲಾ ಆಗೋದಿಲ್ಲ, ಆಗಬೇಕಂತಲೂ ಇಲ್ಲ. ಕೈರೋದಲ್ಲಿ ಮೂರು ದಿನ, ಲಕ್ಸರ್‌ನಲ್ಲಿ ಎರಡು ದಿನ ಇಟ್ಟುಕೊಳ್ಳಿ. ಹೋಗಿ ಬರುವ ದಿನ ಸೇರಿದರೆ ವಾರ ಮುಗಿಯಿತು. ಅಸ್ವಾನ್, ಅಬು ಸಿಂಬೆಲ್ ಸೇರಿಸಬೇಕಾದರೆ ಹತ್ತು ದಿನ ಬೇಕು. ಒಂದೇ ವಾರದಲ್ಲಿ ಅಲೆಕ್ಸಾಂಡ್ರಿಯಾ, ಕೆಂಪು ಸಮುದ್ರ ಎಲ್ಲಾ ತೋರಿಸುತ್ತೇವೆ ಅನ್ನುವ ಪ್ಯಾಕೇಜಿನಲ್ಲಿ ನೀವು ನೋಡೋದು ಬಸ್ಸಿನ ಕಿಟಕಿ ಮಾತ್ರ.

ಟೂರ್ ಕಂಪನಿ ಜೊತಿ ಹೋಗೂದು ಚಲೋನೋ, ನಾವೇ ಹೋಗ್ಬಹುದೋ?

ಹಿರಿಯರು ಇದ್ದರೆ ಕಂಪನಿ. ಓಡಾಡಿ ಅಭ್ಯಾಸವಿರುವ ನಾಲ್ಕು ಜನ ಇದ್ದರೆ ನೀವೇ ಹೋಗಿ, ಲಕ್ಸರ್‌ನಲ್ಲಿ ಮಾತ್ರ ಲೈಸೆನ್ಸ್ ಇರುವ ಗೈಡ್ ಹಿಡಿಯಿರಿ. ಕಂಪನಿ ಜೊತೆ ಹೋಗುವವರು ಮೊದಲೇ ಒಂದು ವಿಷಯ ಕೇಳಿ: ಪಪೈರಸ್ (ಜೊಂಡಿನಿಂದ ಮಾಡುವ ಹಾಳೆ), ಅತ್ತರು, ಕಲ್ಲಿನ ಸಾಮಾನು ಅಂಗಡಿಗಳಿಗೆ ಎಷ್ಟು ಸಲ ಕರೆದುಕೊಂಡು ಹೋಗುತ್ತೀರಿ? ಉತ್ತರ ಕೊಡಲು ತಡವರಿಸಿದರೆ ಬೇರೆ ಕಂಪನಿ ನೋಡಿ.

ಅಲ್ಲಿ ಕನ್ನಡ ಇಲ್ಲ, ಹಿಂದಿ ಇಲ್ಲ. ಹೆಂಗ ಮಾತಾಡೋದು?

ಪ್ರವಾಸಿ ಜಾಗಗಳಲ್ಲಿ ಹರಕುಮುರುಕು ಇಂಗ್ಲಿಷ್ ನಡೆಯುತ್ತದೆ. ಭಾರತದವರು ಅಂತ ಗೊತ್ತಾದರೆ ಟ್ಯಾಕ್ಸಿಯವನು ಮೊದಲು ಹೇಳೋದು ಅಮಿತಾಬ್ ಬಚ್ಚನ್ ಹೆಸರು. ಅಲ್ಲಿಂದ ಮಾತು ತಾನಾಗಿ ಬೆಳೆಯುತ್ತದೆ.

ಕಲಿತು ಹೋಗಬೇಕಾದದ್ದು ಅರಬ್ಬಿ ಅಂಕಿಗಳನ್ನು. ಬೆಲೆಯ ಬೋರ್ಡು, ಬಸ್ ನಂಬರು, ರೈಲಿನ ಬೋಗಿ ನಂಬರು ಎಲ್ಲಾ ಅದರಲ್ಲೇ ಇರುತ್ತವೆ. ಅವರ ಐದು ನಮ್ಮ ಸೊನ್ನೆಯಂತೆ ದುಂಡಗಿರುತ್ತದೆ, ಸೊನ್ನೆ ಅಂದರೆ ಬರೀ ಒಂದು ಚುಕ್ಕೆ. ಇದೊಂದು ಗೊತ್ತಿಲ್ಲದಿದ್ದರೆ 50 ಪೌಂಡಿನ ಸಾಮಾನಿಗೆ ಎಷ್ಟು ಕೊಟ್ಟಿರಿ ಅಂತ ನಿಮಗೇ ತಿಳಿಯೋದಿಲ್ಲ. ಉರ್ದು ಓದಲು ಬರುವ ಗೆಳೆಯರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅರ್ಧ ತಾಸು ಚಹಾ ಕುಡಿಯುತ್ತಾ ಕಲಿತುಬಿಡಿ.

## ಅಲ್ಲಿ ಇಳಿದ ಮೇಲೆ

ಅಕ್ಕಾರ, ನಾವು ಮೊಟ್ಟಿ ಸೈತ ಮುಟ್ಟಂಗಿಲ್ಲ. ಉಪವಾಸ ಬೀಳ್ತೀವೇನು?

ಬೀಳೋದಿಲ್ಲ. ಅಲ್ಲಿನ ಬಡವರ ದಿನನಿತ್ಯದ ಊಟವೇ ಕಾಳು ಮತ್ತು ರೊಟ್ಟಿ.

ಬೆಳಿಗ್ಗೆ ಫೂಲ್ ತಿನ್ನಿ. ದೊಡ್ಡ ಗಡಿಗೆಯಲ್ಲಿ ರಾತ್ರಿಯಿಡೀ ಬೆಂದ ಬಾಕಳೆ ಕಾಳು. ಅದಕ್ಕೆ ಎಣ್ಣೆ, ಜೀರಿಗೆ, ನಿಂಬೆಹುಳಿ ಹಾಕಿ ರೊಟ್ಟಿ ಜೊತೆ ಕೊಡುತ್ತಾರೆ. ಅದೇ ಕಾಳನ್ನು ರುಬ್ಬಿ ಸೊಪ್ಪು ಸೇರಿಸಿ ಕರಿದರೆ ತಾಮೆಯಾ. ಹೊರಗೆ ಗರಿಗರಿ, ಒಳಗೆ ಹಸಿರು.

ಮಧ್ಯಾಹ್ನಕ್ಕೆ ಕೊಶರಿ. ಅನ್ನ, ಮಸೂರಬೇಳೆ, ಮ್ಯಾಕರೋನಿ, ಕಡಲೆ ಎಲ್ಲಾ ಒಂದೇ ಬಟ್ಟಲಿಗೆ ಬೀಳುತ್ತವೆ. ಮೇಲೆ ಟೊಮ್ಯಾಟೊ ಸಾರು, ಬೆಳ್ಳುಳ್ಳಿ ಹಾಕಿದ ವಿನೆಗರ್, ಖಾರ, ಕೊನೆಗೆ ಕೆಂಪಗೆ ಹುರಿದ ಉಳ್ಳಾಗಡ್ಡಿ. ಕೊಶರಿ ಅಂಗಡಿಯವನು ಬಡಿಸುವಾಗ ಸೌಟನ್ನು ಬಟ್ಟಲಿಗೆ ಟಣಟಣ ಬಡಿಯುತ್ತಾನೆ. ಆ ಸದ್ದು ಕೇಳಿದರೆ ಅಂಗಡಿ ಎಲ್ಲಿದೆ ಅಂತ ಹುಡುಕಬೇಕಿಲ್ಲ. ಅಲ್ಲಿನ ಉಳ್ಳಾಗಡ್ಡಿ ನಮಗೆ ಅಪರಿಚಿತವೂ ಅಲ್ಲ. 2019ರಲ್ಲಿ ಇಲ್ಲಿ ಬೆಲೆ ಗಗನಕ್ಕೇರಿದಾಗ ಸರ್ಕಾರ ಈಜಿಪ್ಟಿನಿಂದ ತರಿಸಿತ್ತು. ಆಗ ನಮ್ಮ ರೈತರು ಬೈದುಕೊಂಡದ್ದೂ ನೆನಪಿದೆ.

ಈಗ ಎಚ್ಚರಿಕೆ. ಮುಲುಖಿಯಾ ಅನ್ನುವ ಸೊಪ್ಪಿನ ಸಾರನ್ನು ಹೆಚ್ಚಾಗಿ ಕೋಳಿ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ. ಎಲೆಕೋಸಿನಲ್ಲಿ ಸುತ್ತಿದ ಅನ್ನ, ಬೇಳೆ ಸೂಪು ಇವೂ ನೋಡಲು ಶಾಕಾಹಾರಿ, ಒಳಗೆ ಮಾಂಸದ ರಸ ಇರಬಹುದು. "ಮಾಂಸ ಬೇಡ" ಅಂದರೆ ತುಂಡು ತೆಗೆದು ರಸ ಬಡಿಸುತ್ತಾರೆ. ಅದಕ್ಕೆ "ಸಿಯಾಮಿ" ಅಂತ ಕೇಳಿ. ಅಲ್ಲಿನ ಕಾಪ್ಟಿಕ್ ಕ್ರೈಸ್ತರು ವರ್ಷದಲ್ಲಿ 200ಕ್ಕೂ ಹೆಚ್ಚು ದಿನ ವ್ರತ ಹಿಡಿಯುತ್ತಾರೆ. ಆಗ ಮಾಂಸ, ಮೊಟ್ಟೆ, ಹಾಲು ಏನೂ ಮುಟ್ಟೋದಿಲ್ಲ. ಆ ವ್ರತದ ಅಡಿಗೆಗೆ ಸಿಯಾಮಿ ಅನ್ನುತ್ತಾರೆ. ಕೆಲವು ವ್ರತದಲ್ಲಿ ಮೀನು ನಡೆಯುತ್ತದೆ, ಹಾಗಾಗಿ ಮೀನೂ ಬೇಡ ಅಂತ ಸೇರಿಸಿ ಹೇಳಿ.

ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯಿರಿ. ಬೇಕೇ ಬೇಕಂತಲ್ಲ, ಮೂರನೇ ದಿನ ಬಾಯಿ ಕೇಳುತ್ತದೆ. ಕುಡಿಯಲು ಕರ್ಕಡೆ ಸಿಗುತ್ತದೆ, ನಮ್ಮ ಪುಂಡಿಯ ಬಳಗದ ಗಿಡದ ಕೆಂಪು ಹೂವಿನ ಪಾನಕ. ಮುಧೋಳ, ಜಮಖಂಡಿ ಕಡೆಯವರು ತಪ್ಪದೆ ರುಚಿ ನೋಡಬೇಕಾದದ್ದು "ಕಪ್ಪು ಜೇನು". ಜೇನಲ್ಲ, ಕಬ್ಬಿನ ಹಾಲು ಕುದಿಸಿ ಇಳಿಸಿದ ಕಪ್ಪು ಪಾಕ. ಎಳ್ಳಿನ ಪೇಸ್ಟ್ ಬೆರೆಸಿ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಾರೆ. ಲಕ್ಸರ್ ಸುತ್ತಮುತ್ತ ಕಬ್ಬು ಸಾಗಿಸಲು ಪುಟ್ಟ ರೈಲುಗಳೇ ಓಡುತ್ತವೆ. ನಮ್ಮ ರಸ್ತೆಯ ಡಬಲ್ ಟ್ರೇಲರ್ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡವರಿಗೆ ಅದನ್ನು ನೋಡಿ ಹೊಟ್ಟೆಕಿಚ್ಚಾಗುತ್ತದೆ.

ರೊಕ್ಕ ಹೆಂಗ? ಫೋನ್‌ಪೇ ನಡೀತದಾ?

ನಡೆಯೋದಿಲ್ಲ. ಡಾಲರ್ ಒಯ್ದು ಅಲ್ಲಿ ಪೌಂಡ್ ಮಾಡಿಸಿಕೊಳ್ಳಿ. ಒಂದು ಈಜಿಪ್ಟ್ ಪೌಂಡ್ ಅಂದರೆ ಎರಡು ರೂಪಾಯಿಯ ಆಸುಪಾಸು. ಜೊತೆಗೆ ವಿದೇಶದಲ್ಲಿ ನಡೆಯುವ ಕಾರ್ಡು ಇರಲೇಬೇಕು. ಯಾಕೆಂದರೆ ದೊಡ್ಡ ಸ್ಮಾರಕಗಳ ಟಿಕೆಟ್ ಕೌಂಟರಿನಲ್ಲಿ ನಗದು ಮುಟ್ಟೋದಿಲ್ಲ, ಕಾರ್ಡು ಮಾತ್ರ. ವಿದೇಶಿಯರಿಗೆ ಟಿಕೆಟ್ ದರ ಜಾಸ್ತಿ. ಬೇಜಾರು ಮಾಡಿಕೊಳ್ಳಬೇಡಿ, ಗೋಳಗುಮ್ಮಟದಲ್ಲಿ ನಾವೂ ಹಾಗೇ ಮಾಡುತ್ತೇವೆ.

ಸಣ್ಣ ನೋಟು ಕೂಡಿಟ್ಟುಕೊಳ್ಳಿ. ಬಾಗಿಲು ತೆರೆದವನು, ಟಾಯ್ಲೆಟ್ ಕಾಯುವವಳು, "ಇಲ್ಲಿಂದ ಫೋಟೋ ಚಲೋ ಬರ್ತದೆ" ಅಂತ ಕೈ ತೋರಿಸಿದ ಕಾವಲುಗಾರ, ಎಲ್ಲರಿಗೂ ಬಕ್ಷೀಸು ಬೇಕು. ಅವರ ಸಂಬಳ ಎಷ್ಟಿರಬಹುದು ಅಂತ ಯೋಚಿಸಿದರೆ ಕೊಡುವಾಗ ಸಿಟ್ಟು ಬರೋದಿಲ್ಲ.

ಒಂಟಿ ಮ್ಯಾಲೆ ಪುಕ್ಕಟ ಕುಂಡ್ರಸ್ತಾರಂತ, ಇಳಸಾಕ ರೊಕ್ಕ ಕೇಳ್ತಾರಂತ. ಖರೇನ?

ಖರೆ. ಹತ್ತುವ ಮೊದಲು ದರ, ಸಮಯ, ಇಳಿಸುವುದೂ ಸೇರಿತಾ ಅಂತ ಮೂರೂ ಮಾತಾಡಿ. "ನೀವು ನನ್ನ ಅಣ್ಣ, ಇದು ಉಡುಗೊರೆ" ಅಂತ ಕೈಗೆ ಏನಾದರೂ ತುರುಕಿದರೆ ಅಲ್ಲೇ ಕೆಳಗಿಟ್ಟು ಮುಂದೆ ನಡೆಯಿರಿ. ಜಗಳ ಬೇಡ, ನಗುತ್ತಾ ಕೈ ಆಡಿಸಿದರೆ ಸಾಕು.

ಹಾಗಂತ ಊರೆಲ್ಲಾ ಹೀಗೇ ಅಂದುಕೊಳ್ಳಬೇಡಿ. ಸ್ಮಾರಕದ ಗೇಟಿನಿಂದ ಎರಡು ಗಲ್ಲಿ ಒಳಗೆ ಹೋದರೆ ಚಹಾದ ಅಂಗಡಿಯವನು ದುಡ್ಡು ಬೇಡ ಅಂತ ಹಟ ಹಿಡಿಯಬಹುದು. ಪ್ರವಾಸಿಗರನ್ನೇ ನಂಬಿ ಬದುಕುವ ಜಾಗದ ಗುಣ ಅದು, ದೇಶದ ಗುಣ ಅಲ್ಲ.

ಹೆಣ್ಮಕ್ಕಳಷ್ಟೇ ಹೋದ್ರ ನಡೀತದಾ? ಇಳಕಲ್ ಸೀರಿ ಉಟ್ಕೋಬಹುದಾ?

ಹೋಗಬಹುದು, ಆದರೆ ಬೀದಿಯಲ್ಲಿ ಹಿಂದೆ ಬಿದ್ದು ಮಾತಾಡಿಸುವ ಕಾಟ ಇದೆ. ಸುಮ್ನೆ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಉತ್ತರ ಕೊಡದೆ ನಡೆಯೋದು, ರಾತ್ರಿ ಆಪ್ ಮೂಲಕ ಕಾರು ಕರೆಯೋದು, ಮೆಟ್ರೋದಲ್ಲಿ ಹೆಂಗಸರ ಬೋಗಿ ಹತ್ತೋದು, ಇವಿಷ್ಟು ರೂಢಿ ಮಾಡಿಕೊಳ್ಳಿ. ಆ ಬೋಗಿ ರೈಲಿನ ನಡುಭಾಗದಲ್ಲಿರುತ್ತದೆ. ಅಲ್ಲಿನ ಹೆಣ್ಣುಮಕ್ಕಳು ತಾವೇ ಜಾಗ ಕೊಟ್ಟು ಮಾತಿಗೆಳೆಯುತ್ತಾರೆ.

ಸೀರೆ ಧಾರಾಳವಾಗಿ ಉಡಿ. ಫೋಟೋ ತೆಗೆಸಿಕೊಳ್ಳಲು ಶಾಲೆಯ ಹುಡುಗಿಯರು ಮುತ್ತಿಕೊಳ್ಳುತ್ತಾರೆ, ಅದಕ್ಕೆ ತಯಾರಿರಿ. ಮಸೀದಿಯೊಳಗೆ ಚಪ್ಪಲಿ ಹೊರಗೆ ಬಿಟ್ಟು ತಲೆ ಮೇಲೆ ಸೆರಗು ಹೊದ್ದುಕೊಂಡರೆ ಆಯಿತು. ಗೋರಿಗಳೊಳಗೆ ಇಳಿಯುವ ದಿನ ಮಾತ್ರ ಚೂಡಿದಾರ್ ವಾಸಿ, ಮೆಟ್ಟಿಲು ಕಡಿದಾಗಿವೆ.

ನಮ್ಮ ಆಯಿಗೆ ಮೊಣಕಾಲು ನೋವು. ಕರ್ಕೊಂಡು ಹೋಗೂದು ಬ್ಯಾಡೇನು?

ಕರೆದುಕೊಂಡು ಹೋಗಿ. ಪಿರಮಿಡ್ಡಿನ ಒಳಗೆ ಮಾತ್ರ ಬೇಡ. ಒಳದಾರಿ ಇಕ್ಕಟ್ಟು, ಕಡಿದು, ಬೆನ್ನು ಬಾಗಿಸಿ ಏರಬೇಕು. ಮೇಲೆ ಇರೋದು ಒಂದು ಖಾಲಿ ಕೋಣೆ. ಅಜ್ಜಿ ಹೊರಗೆ ಕೂತು ಇಡೀ ಪಿರಮಿಡ್ ನೋಡಿದರೆ ನಷ್ಟವೇನಿಲ್ಲ. ಲಕ್ಸರ್‌ನ ರಾಜರ ಕಣಿವೆಯಲ್ಲಿ ಬ್ಯಾಟರಿ ಗಾಡಿ ಇದೆ. ಸಾಮಾನ್ಯ ಟಿಕೆಟ್ಟಿನಲ್ಲಿ ಮೂರು ಗೋರಿ ನೋಡಬಹುದು. ಇಳಿಜಾರು ಕಡಿಮೆ ಇರೋದು ಯಾವುದು ಅಂತ ಗೈಡನ್ನು ಕೇಳಿ ಆರಿಸಿಕೊಳ್ಳಿ. ಲಕ್ಸರ್‌ನಿಂದ ಅಸ್ವಾನ್‌ಗೆ ನೈಲ್ ನದಿಯ ದೊಡ್ಡ ದೋಣಿಯಲ್ಲಿ ಹೋದರೆ ಹಿರಿಯರಿಗೆ ತುಂಬ ಆರಾಮ. ಕೂತಲ್ಲೇ ಊರು, ಗದ್ದೆ, ಖರ್ಜೂರದ ತೋಪು ಎಲ್ಲಾ ಸರಿದು ಹೋಗುತ್ತವೆ.

ಗುಳಿಗಿ, ಡ್ರೋನ್ ಒಯ್ಯಬಹುದಾ?

ಡ್ರೋನ್ ಬೇಡವೇ ಬೇಡ, ನಿಷೇಧವಿದೆ. ಗುಳಿಗೆ ಒಯ್ಯಿರಿ, ಡಾಕ್ಟರ ಚೀಟಿ ಜೊತೆಗಿರಲಿ. ಟ್ರಾಮಡಾಲ್ ಇರುವ ನೋವಿನ ಗುಳಿಗೆ ಅಲ್ಲಿ ಕಾನೂನಿನ ದೊಡ್ಡ ತೊಂದರೆಗೆ ಸಿಕ್ಕಿಸುತ್ತದೆ, ಚೀಲದಲ್ಲಿ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಬರುವಾಗ ಹಳೇ ಕಲ್ಲು, ಮಣಿ ಅಂತ ಯಾರು ಮಾರಿದರೂ ಕೊಳ್ಳಬೇಡಿ. 1983ರ ಕಾನೂನು ಪುರಾತನ ವಸ್ತುಗಳ ವ್ಯಾಪಾರವನ್ನೇ ನಿಲ್ಲಿಸಿದೆ. ನಕಲಿಯಾದರೆ ದುಡ್ಡು ಹೋಯಿತು, ಅಸಲಿಯಾದರೆ ಜೈಲು.

## ನೋಡುವಾಗ

ಪಿರಮಿಡ್ ಖರೇನ ಮರಳುಗಾಡಿನ ನಟ್ಟನಡುವ ಐತೇನು?

ಫೋಟೋದಲ್ಲಿ ಮಾತ್ರ. ಕ್ಯಾಮೆರಾವನ್ನು ಪಶ್ಚಿಮಕ್ಕೆ ತಿರುಗಿಸಿದರೆ ಮರಳು, ಪೂರ್ವಕ್ಕೆ ತಿರುಗಿಸಿದರೆ ಊರು. ಸಿಂಹದ ಮೈಯ ಸ್ಫಿಂಕ್ಸ್ ಎದುರಿಗೇ ನಜ್ಲತ್ ಅಲ್-ಸಮ್ಮಾನ್ ಅನ್ನುವ ಬಡಾವಣೆ. ಮನೆಗಳ ತಾರಸಿ ಮೇಲೆ ಡಿಶ್ ಆಂಟೆನಾ, ಕೆಳಗೆ ಕುದುರೆ ಲಾಯ. ನಮ್ಮ ಊರಿನವರಿಗೆ ಇದು ನಿರಾಸೆ ತರಬಾರದು. ಸಂಜೆ ಆ ಬಡಾವಣೆಯ ಯಾವುದಾದರೂ ತಾರಸಿ ಹೋಟೆಲಿನಲ್ಲಿ ಚಹಾ ತೆಗೆದುಕೊಂಡು ಕೂತುಕೊಳ್ಳಿ. ಪಕ್ಕದ ಮನೆಯ ಹುಡುಗ ಪಾರಿವಾಳ ಹಾರಿಸುತ್ತಿರುತ್ತಾನೆ. ಅವನ ಹಿಂದೆ 138 ಮೀಟರ್ ಎತ್ತರದ ಕಲ್ಲಿನ ರಾಶಿ. ಅವನು ಅದರತ್ತ ಒಮ್ಮೆಯೂ ತಿರುಗಿ ನೋಡೋದಿಲ್ಲ. ನಾವು ಗೋಳಗುಮ್ಮಟವನ್ನು ದಿನಾ ನೋಡುತ್ತೇವಾ?

ಮ್ಯೂಸಿಯಂ ಮೂರು ಅದಾವಂತ. ಯಾವುದು ನೋಡೋದು?

ಪಿರಮಿಡ್ ಹತ್ತಿರದ ಗ್ರ್ಯಾಂಡ್ ಈಜಿಪ್ಶಿಯನ್ ಮ್ಯೂಸಿಯಂ ನೋಡಲೇಬೇಕು. 2025ರ ನವೆಂಬರಿನಲ್ಲಿ ಪೂರ್ತಿಯಾಗಿ ತೆರೆಯಿತು. 1922ರಲ್ಲಿ ಸಿಕ್ಕ ಟುಟಾಂಖಾಮುನ್ ರಾಜನ ಗೋರಿಯ ಐದು ಸಾವಿರಕ್ಕೂ ಹೆಚ್ಚು ವಸ್ತುಗಳು ಅಲ್ಲಿ ಒಂದೇ ಕಡೆ ಇವೆ. ಅರ್ಧ ದಿನ ಸಾಲದು.

ಒಳಗೆ ಹೋಗುತ್ತಿದ್ದಂತೆ ಎದುರಾಗೋದು ಎರಡನೇ ರಾಮ್ಸೆಸ್ ರಾಜನ ವಿಗ್ರಹ. 11 ಮೀಟರ್ ಎತ್ತರ, 83 ಟನ್ ತೂಕ. ಇದರ ಕಥೆ ಕೇಳಿ. ಹತ್ತಾರು ವರ್ಷ ಅದು ಕೈರೋದ ಮುಖ್ಯ ರೈಲು ನಿಲ್ದಾಣದ ಮುಂದಿನ ಚೌಕದಲ್ಲಿ, ಬಸ್ಸು, ಹೊಗೆ, ಮೇಲ್ಸೇತುವೆಗಳ ನಡುವೆ ನಿಂತಿತ್ತು. ಕಲ್ಲು ಹಾಳಾಗುತ್ತಿದೆ ಅಂತ 2006ರಲ್ಲಿ ಲಾರಿಯ ಮೇಲೆ ಹೇರಿ ಊರಿನ ನಡುವಿನಿಂದ ಸಾಗಿಸಿದರು. ನಡುರಾತ್ರಿಯಲ್ಲೂ ಸಾವಿರಾರು ಜನ ರಸ್ತೆಗಿಳಿದು ಬೀಳ್ಕೊಟ್ಟರು. ವಿಗ್ರಹ ಹೋಗಿದೆ, ಜನ ಆ ಜಾಗವನ್ನು ಇವತ್ತಿಗೂ ರಾಮ್ಸೆಸ್ ಅಂತಲೇ ಕರೆಯುತ್ತಾರೆ.

ರಾಜರ ಶವಗಳನ್ನು ನೋಡಬೇಕಾದರೆ ಫುಸ್ತಾತ್‌ನಲ್ಲಿರುವ ನಾಗರಿಕತೆಯ ಮ್ಯೂಸಿಯಂಗೆ ಹೋಗಬೇಕು. 2021ರ ಏಪ್ರಿಲಿನಲ್ಲಿ 22 ಮಮ್ಮಿಗಳನ್ನು ಮೆರವಣಿಗೆಯಲ್ಲಿ ಅಲ್ಲಿಗೆ ತಂದರು. ತಹ್ರೀರ್ ಚೌಕದ 1902ರ ಹಳೇ ಮ್ಯೂಸಿಯಂ ಸಮಯ ಉಳಿದರೆ ಮಾತ್ರ.

ಹಳೇದು ಸಾಕು. ಹೊಸ ಈಜಿಪ್ಟ್ ಎಲ್ಲಿ ಐತಿ?

ಮೆಟ್ರೋ ಹತ್ತಿ. 1987ರಲ್ಲಿ ಶುರುವಾದದ್ದು, ಆಫ್ರಿಕಾ ಖಂಡಕ್ಕೇ ಮೊದಲನೆಯದು. ಬೆಳಿಗ್ಗೆ ಎಂಟಕ್ಕೆ ಅದರಲ್ಲಿ ನಿಂತರೆ ಕೈರೋ ಎಷ್ಟು ಇಕ್ಕಟ್ಟಿನ ಊರು ಅಂತ ಮೈಗೇ ತಿಳಿಯುತ್ತದೆ. ದೇಶದ ನೆಲದಲ್ಲಿ ನೂರಕ್ಕೆ ಐದರಷ್ಟು ಭಾಗದಲ್ಲಿ, ಅಂದರೆ ನೈಲ್ ನದಿಯ ಎರಡು ದಂಡೆ ಮತ್ತು ಮುಖಜ ಭೂಮಿಯಲ್ಲೇ ಹತ್ತು ಕೋಟಿಗೂ ಹೆಚ್ಚು ಜನರಲ್ಲಿ ಬಹುಪಾಲು ಬದುಕುತ್ತಾರೆ. ಅದಕ್ಕೇ ಪೂರ್ವದ ಮರಳಿನಲ್ಲಿ ಹೊಸ ರಾಜಧಾನಿ ಕಟ್ಟುತ್ತಿದ್ದಾರೆ. ಸುಮಾರು 400 ಮೀಟರಿನ ಗೋಪುರವೂ ಎದ್ದಿದೆ. ನೋಡಿ ಬರಬಹುದು, ಆದರೆ ಅಲ್ಲಿ ನನಗೆ ಕಂಡದ್ದು ಅಗಲ ರಸ್ತೆ, ಕಡಿಮೆ ಜನ.

ಹೊಸದು ಬೇಕಾದರೆ ಹಳೇ ಕೈರೋದ ಅಲ್-ಮುಯಿಜ್ ಬೀದಿಗೆ ರಾತ್ರಿ ಹೋಗಿ. ಸಾವಿರ ವರ್ಷದ ಹೆಬ್ಬಾಗಿಲ ಕೆಳಗೆ ಹುಡುಗರು ರೀಲ್ಸ್ ಮಾಡುತ್ತಿರುತ್ತಾರೆ. ತಲೆ ಮೇಲೆ ಮಂಚದಷ್ಟು ಉದ್ದದ ಹಲಗೆ ಹೊತ್ತು, ಅದರ ತುಂಬ ರೊಟ್ಟಿ ಜೋಡಿಸಿ, ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಸೈಕಲ್ ತುಳಿಯುವವನು ಕಾರುಗಳ ನಡುವೆ ನುಗ್ಗುತ್ತಾನೆ. ಹೊರವಲಯದ ಗಲ್ಲಿಗಳಲ್ಲಿ ಓಡುವ ಆಟೋ ನಮ್ಮ ಬಜಾಜ್.

ಲಕ್ಸರ್‌ದಾಗ ಗುಡಿಯೊಳಗ ಮಸೀದಿ ಐತಂತ, ಹೆಂಗದು?

ಈಜಿಪ್ಟಿನಲ್ಲಿ ಒಂದೇ ಒಂದು ಜಾಗ ನೋಡಲು ಬಿಡುತ್ತೇನೆ ಅಂದರೆ ನಾನು ಆರಿಸೋದು ಇದನ್ನೇ.

ಲಕ್ಸರ್ ಗುಡಿಗೆ ಸುಮಾರು 3400 ವರ್ಷ. ಆಮುನ್ ದೇವರ ಪೂಜೆ ನಿಂತ ಮೇಲೆ ರೋಮನ್ ಸೈನ್ಯ ಅಲ್ಲಿ ಬೀಡು ಬಿಟ್ಟಿತು. ಹಳೇ ಕೆತ್ತನೆಯ ಮೇಲೆ ಗಾರೆ ಬಳಿದು ಅವರು ಬರೆದ ಬಣ್ಣದ ಚಿತ್ರ ಈಗಲೂ ಕಾಣುತ್ತದೆ. ಆಮೇಲೆ ಚರ್ಚು ಬಂತು. ಅಷ್ಟರಲ್ಲಿ ನದಿಯ ಕೆಸರು, ಮನೆಗಳ ಕಸ, ಮಣ್ಣು ಸೇರಿ ಗುಡಿ ಅರ್ಧ ಹೂತುಹೋಯಿತು. ಅದರ ಮೇಲೆಯೇ ಊರು ಬೆಳೆಯಿತು. 13ನೇ ಶತಮಾನದಲ್ಲಿ ಅಬು ಹಗ್ಗಾಗ್ ಅನ್ನುವ ಸೂಫಿಯ ಹೆಸರಿನ ಮಸೀದಿ ಅಲ್ಲಿ ಎದ್ದಿತು.

19ನೇ ಶತಮಾನದ ಕೊನೆಗೆ ಮಣ್ಣು ಅಗೆದು ತೆಗೆದರು, ಮನೆಗಳನ್ನು ತೆರವು ಮಾಡಿದರು. ಮಸೀದಿಯನ್ನು ಮುಟ್ಟಲು ಜನ ಬಿಡಲಿಲ್ಲ. ಹೀಗಾಗಿ ಇವತ್ತು ಗುಡಿಯ ಅಂಗಳದಲ್ಲಿ ನಿಂತು ತಲೆಯೆತ್ತಿದರೆ, ಗೋಡೆಯ ನಡುವೆ ಆಳೆತ್ತರಕ್ಕೂ ಎಷ್ಟೋ ಮೇಲೆ ಒಂದು ಬಾಗಿಲು ಕಾಣುತ್ತದೆ. ಮೆಟ್ಟಿಲಿಲ್ಲ, ಏನಿಲ್ಲ. ಒಂದು ಕಾಲಕ್ಕೆ ನೆಲ ಇದ್ದದ್ದು ಅಲ್ಲಿ. ಈಗ ಮಸೀದಿಗೆ ದಾರಿ ಹಿಂದಿನ ಬೀದಿಯ ಕಡೆಯಿಂದ. ಅಲ್ಲಿಂದ ಹೋಗಿ ಒಳಗೆ ನೋಡಿ. ಪ್ರಾರ್ಥನೆಯ ಕೋಣೆಯಲ್ಲಿ ಫರೋಗಳ, ಅಂದರೆ ಈಜಿಪ್ಟಿನ ಹಳೇ ರಾಜರ ಕಾಲದ ಕಂಬಗಳು ಹಾಗೇ ಕಾಣುತ್ತವೆ.

ಅಬು ಹಗ್ಗಾಗ್‌ನ ಉರುಸಿನಲ್ಲಿ ದೋಣಿಗಳನ್ನು ಬೀದಿಯಲ್ಲಿ ಮೆರವಣಿಗೆ ಮಾಡುತ್ತಾರೆ. ಫರೋಗಳ ಕಾಲದಲ್ಲೂ ಹತ್ತಿರದ ಕಾರ್ನಕ್ ಗುಡಿಯಿಂದ ಇಲ್ಲಿಗೆ ಆಮುನ್ ದೇವರನ್ನು ದೋಣಿಯಲ್ಲಿಟ್ಟು ಹೊತ್ತು ತರುತ್ತಿದ್ದರು. ಎರಡಕ್ಕೂ ನೇರ ಸಂಬಂಧ ಇದೆಯಾ ಅಂತ ಪಂಡಿತರು ವಾದ ಮಾಡಲಿ. ದರ್ಗಾದ ಗಂಧಕ್ಕೂ ಗುಡಿಯ ತೇರಿಗೂ ಒಂದೇ ಉಮೇದಿನಿಂದ ಹೋಗುವ ನಮ್ಮ ಕಡೆಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

## ಸ್ವಲ್ಪ ಆಳದವು

ನಾವು ಬಾಗಲಕೋಟಿಯವ್ರು. ನಮ್ಮೂರು ಹಿನ್ನೀರಾಗ ಹೋದಂಗ ಅಲ್ಲೂ ಹೋಗ್ಯಾವಂತ?

ಹೌದು. ನೀವು ಹೋದರೆ ಅಸ್ವಾನ್ ಬಿಡಬೇಡಿ. ಅಲ್ಲಿನ ದೊಡ್ಡ ಅಣೆಕಟ್ಟಿನ ಕೆಲಸ 1960ರಲ್ಲಿ ಶುರುವಾಗಿ 1970ರಲ್ಲಿ ಮುಗಿಯಿತು. ಹಿಂದೆ ನಿಂತ ನೀರಿಗೆ ನಾಸರ್ ಸರೋವರ ಅಂತ ಹೆಸರು. ಮುಳುಗುವ ಜಾಗದಲ್ಲಿ ಗುಡಿಗಳಿದ್ದವು, ಅದಕ್ಕಿಂತ ಮುಖ್ಯವಾಗಿ ಊರುಗಳಿದ್ದವು.

ಗುಡಿಗಳಿಗೆ ಇಡೀ ಜಗತ್ತು ಓಡಿ ಬಂತು. ಯುನೆಸ್ಕೋ ಮುಂದೆ ನಿಂತಿತು. ಬೆಟ್ಟದಲ್ಲೇ ಕೊರೆದಿದ್ದ ಅಬು ಸಿಂಬೆಲ್ ಗುಡಿಗಳನ್ನು 1964ರಿಂದ 1968ರ ನಡುವೆ ಸಾವಿರಕ್ಕೂ ಹೆಚ್ಚು ತುಂಡು ಮಾಡಿ, 65 ಮೀಟರ್ ಮೇಲಕ್ಕೆ ಒಯ್ದು ಮತ್ತೆ ಜೋಡಿಸಿದರು. ಹಿಂದೆ ಇರುವ ಬೆಟ್ಟವೂ ಕೃತಕ. ಫೆಬ್ರವರಿ 22 ಮತ್ತು ಅಕ್ಟೋಬರ್ 22ರಂದು ಬೆಳಗಿನ ಬಿಸಿಲು ಈಗಲೂ ಗರ್ಭಗುಡಿಯವರೆಗೆ ಹೋಗುತ್ತದೆ. ನಾಲ್ಕು ವಿಗ್ರಹಗಳಲ್ಲಿ ಮೂರಕ್ಕೆ ಬೆಳಕು ಬೀಳುತ್ತದೆ, ಪ್ತಾಹ್ ದೇವರು ಮಾತ್ರ ನೆರಳಲ್ಲೇ ಉಳಿಯುತ್ತಾನೆ. ಫಿಲೇ ಗುಡಿಯನ್ನೂ ಹೀಗೇ ಪಕ್ಕದ ನಡುಗಡ್ಡೆಗೆ ಸಾಗಿಸಿದರು. ನಾವು ಕೂಡಲಸಂಗಮದಲ್ಲಿ ಬಸವಣ್ಣನ ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿ ನೀರನ್ನು ಹೊರಗೆ ನಿಲ್ಲಿಸಿದೆವು. ಅವರು ಗುಡಿಯನ್ನೇ ಎತ್ತಿಟ್ಟರು.

ಜನರ ಕಥೆಗೆ ಅಷ್ಟು ಪ್ರಚಾರ ಸಿಗಲಿಲ್ಲ. ಆ ಊರುಗಳಲ್ಲಿದ್ದ ಸುಮಾರು 50 ಸಾವಿರ ನೂಬಿಯನ್ನರನ್ನು 1963–64ರಲ್ಲಿ ಕೋಮ್ ಓಂಬೋ ಕಡೆಗೆ ಸಾಗಿಸಿದರು. ನದಿಯ ದಂಡೆಯಲ್ಲಿದ್ದವರಿಗೆ ನದಿಯಿಂದ ದೂರ, ಸಾಲುಮನೆ. ಹೊಸ ಊರುಗಳಿಗೆ ಹಳೇ ಊರಿನ ಹೆಸರನ್ನೇ ಇಟ್ಟುಕೊಂಡರು. ನವನಗರದ ಸೆಕ್ಟರ್ ನಂಬರಿನಲ್ಲಿ ಮನೆ ಹುಡುಕಿದವರಿಗೆ ಆ ಆಸೆ ಅರ್ಥವಾಗುತ್ತದೆ. ಅಸ್ವಾನ್‌ನಲ್ಲಿ 1997ರಲ್ಲಿ ತೆರೆದ ನೂಬಿಯಾ ಮ್ಯೂಸಿಯಂ ಇದೆ. ಅಲ್ಲಿಗೆ ಹೋಗಿ, ಹಳೇ ಊರುಗಳ ಫೋಟೋ ಮುಂದೆ ನಿಲ್ಲಿ. ಆಮೇಲೆ ನೂಬಿಯನ್ ದೋಣಿಯವನ ಜೊತೆ ಮಾತಾಡುವಾಗ ನಿಮ್ಮ ಊರಿನ ಕಥೆ ಹೇಳಿ. ಆಲಮಟ್ಟಿ ಹೆಸರು ಅವನಿಗೆ ಗೊತ್ತಿರಲಿಕ್ಕಿಲ್ಲ, ಮುಳುಗಡೆ ಅಂದರೇನು ಅಂತ ಗೊತ್ತು.

ಸ್ಮಾರಕದ ಸುತ್ತ ಇರೋ ಮಂದೀನ ಅಲ್ಲೂ ಎಬ್ಬಿಸ್ತಾರೇನು?

ಎಬ್ಬಿಸಿದ್ದಾರೆ. ಲಕ್ಸರ್‌ನ ಪಶ್ಚಿಮ ದಂಡೆಯಲ್ಲಿ ಕುರ್ನಾ ಅನ್ನುವ ಊರು ಹಳೇ ಗೋರಿಗಳ ಮೇಲೆಯೇ ಇತ್ತು. 1940ರ ದಶಕದಲ್ಲೇ ಆ ಊರಿನ ಜನಕ್ಕಾಗಿ ವಾಸ್ತುಶಿಲ್ಪಿ ಹಸನ್ ಫತ್ಹಿ ಮಣ್ಣಿನ ಇಟ್ಟಿಗೆಯ ಚೆಂದದ ಹೊಸ ಊರು ಕಟ್ಟಿದರು. ಹೆಚ್ಚಿನ ಜನ ಹೋಗಲೊಪ್ಪಲಿಲ್ಲ. ಕೊನೆಗೆ 2006ರ ನಂತರ ಸರ್ಕಾರ ಬುಲ್ಡೋಜರ್ ತಂದು ತೆರವು ಮಾಡಿತು. ಕೈರೋದಲ್ಲಿ ಹಳೇ ಸ್ಮಶಾನದ ಗೋರಿಮನೆಗಳ ನಡುವೆ ತಲೆಮಾರುಗಳಿಂದ ಬದುಕುವವರಿದ್ದಾರೆ. ಈಚಿನ ವರ್ಷಗಳಲ್ಲಿ ರಸ್ತೆಗಾಗಿ ಅಲ್ಲೂ ಒಡೆಯುತ್ತಿದ್ದಾರೆ.

ಗೋರಿಯ ಚಿತ್ರಗಳಿಗೆ ಮನೆಯ ಬಚ್ಚಲು ನೀರು ಹರಿದರೆ ಹಾಳಾಗೋದು ನಿಜ. ಜನರನ್ನು ಪೂರ್ತಿ ಖಾಲಿ ಮಾಡಿಸಿದ ಜಾಗ ಸಂಜೆ ಐದಕ್ಕೆ ಬೀಗ ಹಾಕಿಕೊಳ್ಳುವುದೂ ನಿಜ. ಐಹೊಳೆಯ ಸ್ಥಳಾಂತರದ ಮಾತು ಬಂದಾಗಲೆಲ್ಲ ಇದೇ ವಾದ ನಮ್ಮಲ್ಲೂ ಏಳುತ್ತದೆ. ನನ್ನ ಓಟು ಜನ ಉಳಿಯುವ ಕಡೆಗೆ, ಒಳಚರಂಡಿ ಸರಿ ಮಾಡಿಕೊಟ್ಟು.

ಪಿರಮಿಡ್ ಕಟ್ಟಿದ ಮಂದಿ ಈಗ ಎಲ್ಲಿ ಹೋದ್ರು?

ಎಲ್ಲೂ ಹೋಗಿಲ್ಲ. ಭಾಷೆ ಅರಬ್ಬಿ ಆಯಿತು, ಧರ್ಮ ಬದಲಾಯಿತು, ಗದ್ದೆ ಅದೇ. ಕಾಪ್ಟಿಕ್ ಚರ್ಚಿನ ಪ್ರಾರ್ಥನೆಯಲ್ಲಿ ಕೇಳಿಸುವ ಭಾಷೆ ಫರೋಗಳ ಭಾಷೆಯ ಕೊನೆಯ ರೂಪ. ಅದು ಉಳಿದಿದ್ದರಿಂದಲೇ 1822ರಲ್ಲಿ ಫ್ರಾನ್ಸಿನ ವಿದ್ವಾಂಸ ಶಾಂಪೋಲಿಯನ್‌ಗೆ ಈಜಿಪ್ಟಿನ ಹಳೇ ಚಿತ್ರಲಿಪಿ ಬಿಡಿಸಲು ನೆರವಾಯಿತು.

ರೈತರ ಮಾತಿನಲ್ಲಿ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಗೋಡೆಯ ಮೇಲೆ ಜನವರಿ, ಫೆಬ್ರವರಿ ಕ್ಯಾಲೆಂಡರು ಇರುತ್ತದೆ. ಬಿತ್ತನೆ, ಚಳಿ, ಗಾಳಿಯ ಲೆಕ್ಕಕ್ಕೆ ಮಾತ್ರ ತೂಬಾ, ಅಮ್ಶೀರ್ ಅನ್ನುವ ಹಳೇ ತಿಂಗಳುಗಳು. ತೂಬಾ ಅಂದರೆ ಕೊರೆಯುವ ಚಳಿ, ಅಮ್ಶೀರ್ ಅಂದರೆ ದೂಳು ಎಬ್ಬಿಸುವ ಗಾಳಿ. ಮುಸ್ಲಿಂ ರೈತರೂ ಇದನ್ನೇ ಬಳಸುತ್ತಾರೆ. ಮೊಬೈಲಿನಲ್ಲಿ ಹವಾಮಾನ ನೋಡುತ್ತಲೇ "ಮಿರಗ ಕೂಡಿತು, ರೋಣಿ ಹೋಯ್ತು" ಅನ್ನುವ ನಮ್ಮ ಕಾಕಾಗಳು ಅವರ ಜೊತೆ ಆರಾಮಾಗಿ ಹರಟೆ ಹೊಡೆಯಬಹುದು. ವಸಂತದಲ್ಲಿ ಶಮ್ ಅಲ್-ನಸೀಮ್ ಅನ್ನುವ ಹಬ್ಬವಿದೆ. ಆ ದಿನ ಯಾವ ಧರ್ಮದವರಾದರೂ ಬುತ್ತಿ ಕಟ್ಟಿಕೊಂಡು ನದಿ ದಂಡೆಗೆ, ತೋಟಕ್ಕೆ ಹೋಗುತ್ತಾರೆ. ಉಪ್ಪು ಹಾಕಿ ಹುದುಗಿಸಿದ ಮೀನು, ಹಸಿ ಉಳ್ಳಾಗಡ್ಡಿ, ಬಣ್ಣದ ಮೊಟ್ಟೆ ಅವರ ಬುತ್ತಿ. ನಮ್ಮ ಎಳ್ಳ ಅಮವಾಸ್ಯೆಯ ಚರಗದ ಬುತ್ತಿಯೇ ಮೇಲು, ವಾಸನೆಯ ಲೆಕ್ಕದಲ್ಲಂತೂ.

ಈಜಿಪ್ಟಿನಾಗ ಕನ್ನಡ ಶಾಸನ ಸಿಕ್ಕೈತಂತ ವಾಟ್ಸಾಪಿನಾಗ ಬಂದಿತ್ತು. ಖರೇನ ಅಕ್ಕಾರ?

ಶಾಸನ ಅಲ್ಲ. ಆಕ್ಸಿರಿಂಕಸ್ ಅನ್ನುವ ಹಳೇ ಊರಿನ ತಿಪ್ಪೆಯಲ್ಲಿ ರಾಶಿ ರಾಶಿ ಪಪೈರಸ್ ಹಾಳೆ ಸಿಕ್ಕವು. ಅದರಲ್ಲೊಂದು ಸುಮಾರು ಎರಡನೇ ಶತಮಾನದ ಗ್ರೀಕ್ ಪ್ರಹಸನ. ಭಾರತದ ಕಡಲತೀರದಲ್ಲಿ ನಡೆಯುವ ಕಥೆ. ಅದರಲ್ಲಿ ಒಬ್ಬ ರಾಜ ಮತ್ತು ಅವನ ಕಡೆಯವರು ಗ್ರೀಕ್ ಅಲ್ಲದ ಏನೋ ಭಾಷೆ ಆಡುತ್ತಾರೆ. ಆ ಮಾತುಗಳು ಕನ್ನಡವೇ ಅಂತ ಆರ್. ಶಾಮಶಾಸ್ತ್ರಿ ಓದಿದರು, ಗೋವಿಂದ ಪೈಗಳೂ ಅದರ ಹಿಂದೆ ಬಿದ್ದರು. ಬೇರೆ ವಿದ್ವಾಂಸರು ಒಪ್ಪಿಲ್ಲ. ನಗಿಸಲು ಬರೆದ ಅರ್ಥವಿಲ್ಲದ ಸದ್ದು ಅನ್ನುವವರೂ ಇದ್ದಾರೆ. ಹಾಗಾಗಿ "ಸಾಬೀತಾಗಿದೆ" ಅಂತ ಫಾರ್ವರ್ಡ್ ಮಾಡಬೇಡಿ, "ವಾದವಿದೆ" ಅಂತ ಮಾಡಿ.

ವಾದವಿಲ್ಲದ ಸಂಬಂಧ ಬೇಕಾದರೆ ಕೆಂಪು ಸಮುದ್ರದ ದಂಡೆಯ ಬೆರೆನಿಕೆ ಬಂದರಿನದು ಕೇಳಿ. ರೋಮನ್ನರ ಕಾಲದ ಆ ಬಂದರಿನ ಗುಡಿಯಲ್ಲಿ ಭಾರತದ ಮಣ್ಣಿನ ಗಡಿಗೆಯೊಂದರಲ್ಲಿ ಏಳು ಕಿಲೋಗಿಂತ ಜಾಸ್ತಿ ಕರಿಮೆಣಸು ಸಿಕ್ಕಿದೆ. ಈಚೆಗೆ ಒಂದು ಬುದ್ಧನ ವಿಗ್ರಹವೂ ಸಿಕ್ಕಿತು. ಬೆರೆನಿಕೆ ಸಾಮಾನ್ಯ ಪ್ಯಾಕೇಜುಗಳ ದಾರಿಯಲ್ಲಿ ಬರೋದಿಲ್ಲ. ಅಲ್ಲಿಗೆ ಹೋಗಲೇಬೇಕು ಅನ್ನುವವರು ಅಸ್ವಾನ್‌ನಲ್ಲಿ ಲೈಸೆನ್ಸ್ ಇರುವ ಗೈಡನ್ನು ಹಿಡಿದು, ಪರವಾನಗಿಯ ವಿಷಯ ಮೊದಲೇ ವಿಚಾರಿಸಿಕೊಳ್ಳಿ.